ನಗರವಾಸಿ ಬಾವಲಿಗಳು ಮತ್ತು ರೋಗಕಾರಕ ಶಿಲೀಂಧ್ರಗಳು

ನಗರವಾಸಿ ಬಾವಲಿಗಳು ಮತ್ತು ರೋಗಕಾರಕ ಶಿಲೀಂಧ್ರಗಳ ನಡುವಿನ ಸಂಬಂಧವು ಪರಿಸರ ವಿಜ್ಞಾನ, ಪಶುವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರಗಳ ಒಂದು ಅಧ್ಯಯನ ವಿಷಯವಾಗಿದೆ. ಮನೆಯ ಅಟ್ಟ, ಹಳೆಯ ಕಟ್ಟಡ, ಸೇತುವೆ, ಸುರಂಗ ಮೊದಲಾದ ಮಾನವ ನಿರ್ಮಿತ ತಾಣಗಳಲ್ಲಿ ನೆಲೆಸುವ ಬಾವಲಿಗಳ ದೇಹದಲ್ಲಿಯೂ ಅವುಗಳ ಹಿಕ್ಕೆಯಲ್ಲಿಯೂ ಮನುಷ್ಯರಿಗೆ ರೋಗ ತರಬಲ್ಲ ಕೆಲವು ಶಿಲೀಂಧ್ರಗಳು ಕಂಡುಬಂದಿವೆ. ಇವುಗಳಲ್ಲಿ ಹಿಸ್ಟೋಪ್ಲಾಸ್ಮಾ ಕ್ಯಾಪ್ಸುಲೇಟಮ್ ಎಂಬುದು ಅತ್ಯಂತ ಮುಖ್ಯವಾದುದು. ಇದು ಉಂಟುಮಾಡುವ ರೋಗವನ್ನು ಹಿಸ್ಟೋಪ್ಲಾಸ್ಮೋಸಿಸ್ ಎಂದು ಕರೆಯಲಾಗುತ್ತದೆ. ಗುಹೆಗಳಿಗೆ ಹೋಗಿಬಂದವರಲ್ಲಿ ಕಾಣಿಸಿಕೊಳ್ಳುವುದರಿಂದ ಇದಕ್ಕೆ 'ಗುಹಾರೋಗ' ಎಂಬ ಹೆಸರೂ ಇದೆ.

ಈ ಸೋಂಕು ಸಾಮಾನ್ಯವಾಗಿ ಬಾವಲಿಯ ಕಡಿತದಿಂದಾಗಲಿ, ಬಾವಲಿ ತಲೆಯ ಮೇಲೆ ಹಾರಿಹೋಗುವುದರಿಂದಾಗಲಿ ಬರುವುದಿಲ್ಲ. ಬಹುಕಾಲದಿಂದ ಶೇಖರವಾದ ಹಿಕ್ಕೆಯನ್ನು ಕದಡಿದಾಗ ಗಾಳಿಗೆ ಏಳುವ ಶಿಲೀಂಧ್ರದ ಬೀಜಾಣುಗಳನ್ನು ಉಸಿರಾಡುವುದರಿಂದ ಬರುತ್ತದೆ. ಆದ್ದರಿಂದ ಬಾವಲಿಗಳನ್ನು ಕೊಲ್ಲುವುದು ಈ ರೋಗಕ್ಕೆ ಪರಿಹಾರವಲ್ಲ. ಹಿಕ್ಕೆಯನ್ನು ಸುರಕ್ಷಿತವಾಗಿ ನಿರ್ವಹಿಸುವುದೇ ಮುಖ್ಯ ತಡೆ ಕ್ರಮವಾಗಿದೆ.

ನಗರಗಳಲ್ಲಿ ಬಾವಲಿಗಳು

ಬಾವಲಿ ಅಥವಾ ತೊಗಲುಬಾವಲಿ ನಿಜವಾದ ಹಾರಾಟ ನಡೆಸಬಲ್ಲ ಏಕೈಕ ಸಸ್ತನಿ ವರ್ಗ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಪ್ರಭೇದದ ಬಾವಲಿಗಳಿವೆ. ಇವುಗಳಲ್ಲಿ ಹಲವು ಪ್ರಭೇದಗಳು ಕಾಡು ಮತ್ತು ಗುಹೆಗಳ ಜೊತೆಗೆ ನಗರಗಳಿಗೂ ಹೊಂದಿಕೊಂಡಿವೆ. ನಗರವು ಬಾವಲಿಗೆ ಎರಡು ಅನುಕೂಲಗಳನ್ನು ಒದಗಿಸುತ್ತದೆ. ಮೊದಲನೆಯದು ಆಹಾರ: ಬೀದಿ ದೀಪಗಳ ಸುತ್ತ ಮುತ್ತುವ ಕೀಟಗಳು ಕೀಟಾಹಾರಿ ಬಾವಲಿಗಳಿಗೂ, ಉದ್ಯಾನ ಮತ್ತು ಸಾಲುಮರಗಳ ಹಣ್ಣು-ಹೂವುಗಳು ಫಲಾಹಾರಿ ಬಾವಲಿಗಳಿಗೂ ದೊರೆಯುತ್ತವೆ. ಎರಡನೆಯದು ವಸತಿ: ಹೆಂಚಿನ ಮಾಡಿನ ಸಂದು, ಗೋಡೆಯ ಬಿರುಕು, ಅಟ್ಟ, ಪಾಳು ಕಟ್ಟಡ, ಸೇತುವೆಯ ಜೋಡಣೆಯ ಸಂದುಗಳು ಗುಹೆ ಮತ್ತು ಬಂಡೆಯ ಬಿರುಕುಗಳನ್ನೇ ಹೋಲುತ್ತವೆ. ಒಳಗೆ ಕತ್ತಲೆಯಿರುತ್ತದೆ, ಉಷ್ಣತೆ ಹೆಚ್ಚು ಏರಿಳಿಯುವುದಿಲ್ಲ, ಬೇಟೆಗಾರ ಪ್ರಾಣಿಗಳ ಕಾಟವೂ ಕಡಿಮೆ.

ನಗರವಾಸಿ ಬಾವಲಿಗಳಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರವು ಪ್ರಸಿದ್ಧ ಉದಾಹರಣೆ. ಅಲ್ಲಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ನವೀಕರಿಸಿದಾಗ ಅದರ ಅಡಿಭಾಗದಲ್ಲಿ ಉಳಿದ ಕಿರಿದಾದ ಸಂದುಗಳಲ್ಲಿ ಮೆಕ್ಸಿಕನ್ ಮುಕ್ತಬಾಲದ ಬಾವಲಿಗಳು (ಟಡಾರಿಡಾ ಬ್ರಸಿಲಿಯೆನ್ಸಿಸ್) ನೆಲೆಗೊಂಡವು. ಬೇಸಿಗೆಯಲ್ಲಿ ಅಲ್ಲಿ ಸುಮಾರು 15 ಲಕ್ಷ ಬಾವಲಿಗಳು ಸೇರುತ್ತವೆ. ಬ್ರೆಜಿಲ್‌ನ ನಗರಗಳಲ್ಲಿ ಮೊಲೋಸಸ್ ಕುಲದ ಕೀಟಾಹಾರಿ ಬಾವಲಿಗಳು ಮನೆಗಳ ಮಾಡಿನಡಿ ಸಾಮಾನ್ಯವಾಗಿ ವಾಸಿಸುತ್ತವೆ.

ಭಾರತದ ಪಟ್ಟಣಗಳಲ್ಲಿ ದೊಡ್ಡ ಆಲ, ಅರಳಿ, ಮಾವು ಮೊದಲಾದ ಮರಗಳ ಮೇಲೆ ಹಗಲಿಡೀ ತಲೆಕೆಳಗಾಗಿ ತೂಗುವ ಭಾರತೀಯ ಹಾರುವ ನರಿ (ಟೆರೋಪಸ್ ಮೀಡಿಯಸ್), ತಾಳೆಗರಿ ಮತ್ತು ಎಲೆಗಳ ಮರೆಯಲ್ಲಿ ಇರುವ ಗಿಡ್ಡ ಮೂತಿಯ ಹಣ್ಣುಬಾವಲಿ (ಸೈನೋಪ್ಟೆರಸ್ ಸ್ಫಿಂಕ್ಸ್), ಮನೆಯ ಸಂದುಗಳಲ್ಲಿ ಅಡಗುವ ಪುಟ್ಟ ಪಿಪಿಸ್ಟ್ರೆಲ್ ಬಾವಲಿಗಳು, ಕೋಟೆ, ಗೋರಿ ಮತ್ತು ಹಳೆಯ ದೇವಾಲಯಗಳ ಕತ್ತಲೆಯಲ್ಲಿ ನೆಲೆಸುವ ಇಲಿಬಾಲದ ಬಾವಲಿಗಳು (ರೈನೋಪೋಮ) ಹಾಗೂ ಗೋರಿ ಬಾವಲಿಗಳು (ಟಫೋಜಸ್) ಕಂಡುಬರುತ್ತವೆ.

ಶಿಲೀಂಧ್ರಗಳೊಂದಿಗಿನ ಸಂಬಂಧದ ಸ್ವರೂಪ

ಬಾವಲಿ ಮತ್ತು ಶಿಲೀಂಧ್ರದ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

1. ಆಶ್ರಯದಾತ: ಶಿಲೀಂಧ್ರವು ಬಾವಲಿಯ ಶ್ವಾಸಕೋಶ, ಯಕೃತ್ತು, ಗುಲ್ಮ ಅಥವಾ ಕರುಳಿನಲ್ಲಿ ಬೆಳೆಯುತ್ತದೆ. ಇಂತಹ ಸಂದರ್ಭದಲ್ಲಿ ಬಾವಲಿಯೇ ಸೋಂಕಿತ ಪ್ರಾಣಿ.
2. ವಾಹಕ: ಶಿಲೀಂಧ್ರದ ಬೀಜಾಣುಗಳು ಬಾವಲಿಯ ತುಪ್ಪಳ ಅಥವಾ ರೆಕ್ಕೆಗೆ ಅಂಟಿಕೊಂಡು, ಇಲ್ಲವೇ ಕರುಳಿನ ಮೂಲಕ ಹಾದು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತವೆ.
3. ನೆಲೆ ಒದಗಿಸುವ ಜೀವಿ: ಬಾವಲಿಯ ಹಿಕ್ಕೆಯು ಮಣ್ಣಿಗೆ ಬೆರೆತು ಶಿಲೀಂಧ್ರದ ಬೆಳವಣಿಗೆಗೆ ಬೇಕಾದ ಪೋಷಕಾಂಶಗಳನ್ನು ಒದಗಿಸುತ್ತದೆ.

ಒಂದೇ ಶಿಲೀಂಧ್ರಕ್ಕೆ ಬಾವಲಿಯು ಈ ಮೂರೂ ಪಾತ್ರಗಳನ್ನು ವಹಿಸಬಹುದು. ಹಿಸ್ಟೋಪ್ಲಾಸ್ಮಾ ಅದಕ್ಕೆ ಉತ್ತಮ ನಿದರ್ಶನ. ಆದರೆ ಬಾವಲಿಯಲ್ಲಿ ಒಂದು ಶಿಲೀಂಧ್ರ ಕಂಡುಬಂದ ಮಾತ್ರಕ್ಕೆ ಅದು ಬಾವಲಿಯಿಂದಲೇ ಮನುಷ್ಯರಿಗೆ ಹರಡುತ್ತದೆ ಎಂದು ಹೇಳಲಾಗದು. ಅನೇಕ ಶಿಲೀಂಧ್ರಗಳು ಮಣ್ಣು, ಕೊಳೆತ ಮರ, ಗಾಳಿ ಮೊದಲಾದ ಎಲ್ಲೆಡೆಯೂ ಇರುತ್ತವೆ. ಬಾವಲಿಯು ಮನುಷ್ಯನಂತೆಯೇ ಅವುಗಳನ್ನು ಪರಿಸರದಿಂದ ಪಡೆದಿರಬಹುದು.

ಹಿಸ್ಟೋಪ್ಲಾಸ್ಮಾ ಕ್ಯಾಪ್ಸುಲೇಟಮ್

ಸಂಶೋಧನೆಯ ಇತಿಹಾಸ

ಈ ಜೀವಿಯನ್ನು ಮೊದಲು ಗುರುತಿಸಿದವರು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಟೇಲರ್ ಡಾರ್ಲಿಂಗ್. ಪನಾಮ ಕಾಲುವೆಯ ನಿರ್ಮಾಣ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಮೃತಪಟ್ಟ ರೋಗಿಯೊಬ್ಬನ ಶವಪರೀಕ್ಷೆಯನ್ನು ಅವರು 1905ರ ಕೊನೆಯಲ್ಲಿ ನಡೆಸಿದರು. ಮೇಲ್ನೋಟಕ್ಕೆ ಕ್ಷಯರೋಗದಂತೆ ಕಂಡ ಆ ಪ್ರಕರಣದಲ್ಲಿ ಜೀವಕೋಶಗಳ ಒಳಗೆ ಸೂಕ್ಷ್ಮ ದೇಹಗಳನ್ನು ಕಂಡು 1906ರಲ್ಲಿ ವರದಿ ಮಾಡಿದರು. ಅದನ್ನು ಏಕಕೋಶೀಯ ಪರಾವಲಂಬಿ ಪ್ರಾಣಿಯೆಂದು ಬಗೆದು, ಸುತ್ತಲೂ ಕೋಶಕವಚ ಇದೆಯೆಂದು ಭಾವಿಸಿ ಹಿಸ್ಟೋಪ್ಲಾಸ್ಮಾ ಕ್ಯಾಪ್ಸುಲೇಟಮ್ ಎಂದು ಹೆಸರಿಟ್ಟರು. ವಾಸ್ತವದಲ್ಲಿ ಅದು ಪ್ರಾಣಿಯೂ ಅಲ್ಲ, ಅದಕ್ಕೆ ನಿಜವಾದ ಕವಚವೂ ಇಲ್ಲ; ಆದರೆ ಹೆಸರು ಹಾಗೆಯೇ ಉಳಿಯಿತು. 1912ರಲ್ಲಿ ಬ್ರೆಜಿಲ್ ಮೂಲದ ವಿಜ್ಞಾನಿ ಎನ್ರಿಕೆ ಡಾ ರೋಚಾ ಲಿಮಾ ಅದು ಶಿಲೀಂಧ್ರವನ್ನು ಹೋಲುತ್ತದೆ ಎಂದು ತಿಳಿಸಿದರು. 1934ರಲ್ಲಿ ವಿಲಿಯಂ ಡಿಮಾನ್‌ಬ್ರೂನ್ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಎರಡು ರೂಪಗಳುಳ್ಳ ಶಿಲೀಂಧ್ರವೆಂದು ತೋರಿಸಿಕೊಟ್ಟರು.

ಶಿಲೀಂಧ್ರವು ಪ್ರಕೃತಿಯಲ್ಲಿ ಎಲ್ಲಿ ನೆಲೆಸಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 1949ರಲ್ಲಿ. ಆ ವರ್ಷ ಚೆಸ್ಟರ್ ಎಮ್ಮನ್ಸ್ ಅದನ್ನು ಮಣ್ಣಿನಿಂದ ಪ್ರತ್ಯೇಕಿಸಿದರು. ಮೊದಮೊದಲು ಕೋಳಿ ಮತ್ತು ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನ ಮೇಲೆ ಗಮನ ಹರಿದಿತ್ತು. 1958ರಲ್ಲಿ ಎಮ್ಮನ್ಸ್ ಬಾವಲಿಗಳೊಂದಿಗೂ ಈ ಶಿಲೀಂಧ್ರಕ್ಕೆ ಸಂಬಂಧವಿದೆ ಎಂದು ಪ್ರಕಟಿಸಿದರು. 1962ರಲ್ಲಿ ಪನಾಮದಲ್ಲಿ ಹಿಡಿದ ಬಾವಲಿಗಳ ಅಂಗಾಂಶಗಳಿಂದಲೇ ಶಿಲೀಂಧ್ರವನ್ನು ಪ್ರತ್ಯೇಕಿಸಿದ ವರದಿ ಹೊರಬಂದಿತು. ಇದರಿಂದ ಬಾವಲಿಗಳು ಸ್ವತಃ ಸೋಂಕಿಗೆ ಒಳಗಾಗುತ್ತವೆ ಎಂಬುದು ಖಚಿತವಾಯಿತು. ಆಮೇಲೆ ಮೆಕ್ಸಿಕೊದ ಸಂಶೋಧಕರು ಸೋಂಕಿತ ಬಾವಲಿಗಳಿಂದ ಪಡೆದ ಶಿಲೀಂಧ್ರಗಳ ಆನುವಂಶಿಕ ಲಕ್ಷಣಗಳನ್ನು ಹೋಲಿಸಿ ಅಧ್ಯಯನ ನಡೆಸಿದರು.

ಎರಡು ರೂಪಗಳು

ಹಿಸ್ಟೋಪ್ಲಾಸ್ಮಾ ಒಂದು ದ್ವಿರೂಪಿ ಶಿಲೀಂಧ್ರ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪರಿಸರದಲ್ಲಿ ಇದು ಎಳೆಎಳೆಯಾದ ಬೂಷ್ಟಿನಂತೆ ಬೆಳೆಯುತ್ತದೆ. ಈ ರೂಪದಲ್ಲಿ ಅದು ಎರಡು ಬಗೆಯ ಬೀಜಾಣುಗಳನ್ನು ಬಿಡುತ್ತದೆ. ದೊಡ್ಡವು ಸುಮಾರು 8ರಿಂದ 15 ಮೈಕ್ರೋಮೀಟರ್ ಅಗಲವಿದ್ದು, ಮೇಲ್ಮೈಯಲ್ಲಿ ಮುಳ್ಳಿನಂತಹ ಉಬ್ಬುಗಳಿರುತ್ತವೆ. ಸಣ್ಣವು ಸುಮಾರು 2ರಿಂದ 5 ಮೈಕ್ರೋಮೀಟರ್ ಮಾತ್ರ. ಈ ಸಣ್ಣ ಬೀಜಾಣುಗಳು ಮೂಗು ಮತ್ತು ಗಂಟಲಿನಲ್ಲಿ ಸಿಕ್ಕಿಬೀಳದೆ ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪಬಲ್ಲವು.

ಸಸ್ತನಿಯ ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೀಜಾಣುವು ಯೀಸ್ಟ್ ರೂಪಕ್ಕೆ ಬದಲಾಗುತ್ತದೆ. ರೋಗಾಣುಗಳನ್ನು ನುಂಗಿ ನಾಶಮಾಡಬೇಕಾದ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳ ಒಳಗೇ ಯೀಸ್ಟ್ ಬದುಕಿ ವೃದ್ಧಿಯಾಗುತ್ತದೆ. ಆ ಕಣಗಳ ಮೂಲಕವೇ ಅದು ದುಗ್ಧಗ್ರಂಥಿ, ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಗೆ ಸಾಗಬಹುದು. ಯೀಸ್ಟ್ ರೂಪವು ಗಾಳಿಯಲ್ಲಿ ಹರಡುವುದಿಲ್ಲ. ಆದ್ದರಿಂದ ಹಿಸ್ಟೋಪ್ಲಾಸ್ಮೋಸಿಸ್ ರೋಗವು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ.

ಹಕ್ಕಿ ಮತ್ತು ಬಾವಲಿಗಳಲ್ಲಿನ ವ್ಯತ್ಯಾಸ

ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿಯೂ ಈ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ. ಆದರೆ ಹಕ್ಕಿಗಳ ದೇಹದ ಉಷ್ಣತೆ 40 ಡಿಗ್ರಿಗಿಂತ ಹೆಚ್ಚಿರುವುದರಿಂದ ಅವು ಸಾಮಾನ್ಯವಾಗಿ ಸೋಂಕಿಗೆ ಒಳಗಾಗುವುದಿಲ್ಲ. ಅವುಗಳ ಹಿಕ್ಕೆ ಕೇವಲ ಗೊಬ್ಬರವಾಗುತ್ತದೆ, ಕಾಲು ಮತ್ತು ಗರಿಗೆ ಅಂಟಿದ ಬೀಜಾಣುಗಳು ಬೇರೆಡೆಗೆ ಸಾಗಬಹುದು. ಬಾವಲಿಗಳು ಸಸ್ತನಿಗಳಾದ್ದರಿಂದ ಅವುಗಳಿಗೆ ಸೋಂಕು ತಗಲುತ್ತದೆ. ಸೋಂಕಿತ ಬಾವಲಿಯ ಕರುಳಿನಿಂದ ಜೀವಂತ ಶಿಲೀಂಧ್ರವು ಹಿಕ್ಕೆಯೊಂದಿಗೆ ಹೊರಬೀಳಬಹುದು. ಹೀಗೆ ಬಾವಲಿಯು ಹಿಂದೆ ಶಿಲೀಂಧ್ರವಿಲ್ಲದ ಹೊಸ ತಾಣಕ್ಕೂ ಅದನ್ನು ಒಯ್ದು ಬಿತ್ತುವ ಸಾಧ್ಯತೆ ಇದೆ.

ಹಿಕ್ಕೆಯ ಪಾತ್ರ

ಗ್ವಾನೋ ಎಂದೂ ಕರೆಯಲಾಗುವ ಬಾವಲಿಯ ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕದ ಸಂಯುಕ್ತಗಳು ಹೇರಳವಾಗಿವೆ. ಅದಕ್ಕಾಗಿಯೇ ಅದು ಹಿಂದಿನಿಂದಲೂ ಉತ್ತಮ ಗೊಬ್ಬರವೆನಿಸಿದೆ. ಅದೇ ಪೋಷಕಾಂಶಗಳು ಶಿಲೀಂಧ್ರಕ್ಕೂ ಒದಗುತ್ತವೆ. ಕೀಟಾಹಾರಿ ಬಾವಲಿಗಳ ಹಿಕ್ಕೆಯು ಕೀಟಗಳ ರೆಕ್ಕೆ ಮತ್ತು ಹೊರಕವಚದ ಚೂರುಗಳಿಂದ ಕೂಡಿದ್ದು, ಒಣಗಿದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಮುಚ್ಚಿದ, ಕತ್ತಲೆಯ, ತೇವಾಂಶವಿರುವ ಜಾಗದಲ್ಲಿ ಹಿಕ್ಕೆ ವರ್ಷಗಟ್ಟಲೆ ಶೇಖರವಾದಾಗ ಶಿಲೀಂಧ್ರಕ್ಕೆ ಅನುಕೂಲ ವಾತಾವರಣ ಸಿದ್ಧವಾಗುತ್ತದೆ. ಬಯಲಿನಲ್ಲಿ ಮರದ ಕೊಂಬೆಗಳಿಗೆ ತೂಗುವ ಹಣ್ಣುಬಾವಲಿಗಳ ಹಿಕ್ಕೆಯು ಬಿಸಿಲು, ಮಳೆ ಮತ್ತು ಗಾಳಿಗೆ ಸಿಕ್ಕಿ ಚದುರಿಹೋಗುವುದರಿಂದ ಅಲ್ಲಿ ಅಂತಹ ಶೇಖರಣೆ ಆಗುವುದು ಕಡಿಮೆ.

ಬಾವಲಿಗಳು ತಾಣ ಬಿಟ್ಟುಹೋದ ಮೇಲೂ ಶಿಲೀಂಧ್ರವು ಹಿಕ್ಕೆ ಬೆರೆತ ಮಣ್ಣಿನಲ್ಲಿ ಹಲವು ವರ್ಷ ಬದುಕಿರಬಲ್ಲದು. ಹೀಗಾಗಿ ಬಾವಲಿಗಳೇ ಕಾಣದ ಹಳೆಯ ಕಟ್ಟಡವೂ ಅಪಾಯಮುಕ್ತವೆಂದು ಹೇಳಲಾಗದು.

ಇತರ ಶಿಲೀಂಧ್ರಗಳು

ಹಿಸ್ಟೋಪ್ಲಾಸ್ಮಾ ಹೊರತಾಗಿ ಬಾವಲಿಗಳಲ್ಲಿ ಅಥವಾ ಅವುಗಳ ನೆಲೆಗಳಲ್ಲಿ ಕಂಡುಬಂದ ಮುಖ್ಯ ಶಿಲೀಂಧ್ರಗಳು ಇಂತಿವೆ.

ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್: ಪಾರಿವಾಳದ ಹಿಕ್ಕೆಯೊಂದಿಗೆ ಹೆಚ್ಚಾಗಿ ಗುರುತಿಸಲಾಗುವ ಈ ಯೀಸ್ಟ್ ಬ್ರೆಜಿಲ್‌ನ ರಿಯೋ ಡಿ ಜನೈರೊ ನಗರದಲ್ಲಿ ಬಾವಲಿಯ ಹಿಕ್ಕೆಯಲ್ಲಿಯೂ ದೊರೆತಿದೆ. ಇದು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ವಿಶೇಷವಾಗಿ ಎಚ್‌ಐವಿ ಸೋಂಕಿತರಲ್ಲಿ, ಮಿದುಳು ಪೊರೆಯ ಉರಿಯೂತಕ್ಕೆ ಕಾರಣವಾಗುತ್ತದೆ.

ಬ್ಲಾಸ್ಟೋಮೈಸಿಸ್ ಡರ್ಮಟೈಟಿಡಿಸ್: ಶ್ವಾಸಕೋಶ ಮತ್ತು ಚರ್ಮಕ್ಕೆ ರೋಗ ತರುವ ದ್ವಿರೂಪಿ ಶಿಲೀಂಧ್ರ. ಇದು ಮುಖ್ಯವಾಗಿ ಉತ್ತರ ಅಮೆರಿಕದಲ್ಲಿ ಕಾಣಸಿಗುತ್ತದೆ. ದೆಹಲಿಯ ಬಾವಲಿಗಳಲ್ಲಿ ಇದು ಪತ್ತೆಯಾದ ವಿವರ ಮುಂದಿದೆ.

ಕ್ಯಾಂಡಿಡಾ: ಈ ಕುಲದ ಹಲವು ಯೀಸ್ಟ್‌ಗಳು ಬಾವಲಿಗಳ ಕರುಳು ಮತ್ತು ಹಿಕ್ಕೆಯಲ್ಲಿ ಕಂಡುಬಂದಿವೆ. ಮನುಷ್ಯರ ಬಾಯಿ ಮತ್ತು ಕರುಳಿನಲ್ಲಿಯೂ ಕ್ಯಾಂಡಿಡಾ ಸಹಜವಾಗಿ ವಾಸಿಸುತ್ತದೆ. ಹೆಚ್ಚಿನ ಕ್ಯಾಂಡಿಡಾ ಸೋಂಕುಗಳು ರೋಗಿಯ ದೇಹದಲ್ಲಿಯೇ ಇರುವ ಯೀಸ್ಟ್‌ನಿಂದ ಉಂಟಾಗುತ್ತವೆ.

ಆಸ್ಪರ್ಜಿಲಸ್ ಮತ್ತು ಚರ್ಮರೋಗಕಾರಕ ಶಿಲೀಂಧ್ರಗಳು: ಇವು ಹಿಕ್ಕೆ ಬೆರೆತ ಮಣ್ಣಿನಲ್ಲಿ ಸಿಗುತ್ತವೆ. ಆದರೆ ಬೇರೆ ಮಣ್ಣು, ಧೂಳು ಮತ್ತು ಕೊಳೆತ ಸಸ್ಯಗಳಲ್ಲಿಯೂ ಇವು ಸಾಮಾನ್ಯ.

ಇವುಗಳಿಂದ ಬೇರೆಯಾಗಿ ನೋಡಬೇಕಾದದ್ದು ಸ್ಯೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟನ್ಸ್. ಇದು ಬಾವಲಿಗಳಿಗೆ 'ಬಿಳಿಮೂತಿ ರೋಗ' ತರುವ ಶಿಲೀಂಧ್ರ. 2006ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಾಣಿಸಿಕೊಂಡ ಈ ರೋಗ ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿಗಳನ್ನು ಬಲಿತೆಗೆದುಕೊಂಡಿದೆ. ಚಳಿಗಾಲದ ದೀರ್ಘನಿದ್ರೆಯಲ್ಲಿ ಬಾವಲಿಗಳ ದೇಹ ತಣ್ಣಗಾದಾಗ ಇದು ಮೂತಿ ಮತ್ತು ರೆಕ್ಕೆಗಳ ಮೇಲೆ ಬೆಳೆಯುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಬೆಳೆಯಲಾರದ ಕಾರಣ ಮನುಷ್ಯರಿಗೆ ಇದರಿಂದ ರೋಗ ಬರುವುದಿಲ್ಲ. ಗುಹೆಗಳಿಗೆ ಹೋಗುವವರ ಬಟ್ಟೆ ಮತ್ತು ಸಲಕರಣೆಗಳ ಮೂಲಕ ಮನುಷ್ಯರೇ ಇದನ್ನು ಬಾವಲಿಗಳಿಗೆ ತಲುಪಿಸುವ ಸಾಧ್ಯತೆ ಇದೆ.

ನಗರಗಳಲ್ಲಿ ನಡೆದ ಅಧ್ಯಯನಗಳು

ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ನಗರ ಪ್ರದೇಶಗಳ ಬಾವಲಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ 2,000ಕ್ಕೂ ಹೆಚ್ಚು ಬಾವಲಿಗಳ ಗುಲ್ಮ ಮತ್ತು ಯಕೃತ್ತನ್ನು ಪರೀಕ್ಷಿಸಲಾಯಿತು. ಶೇಕಡಾ 4ಕ್ಕಿಂತ ಕಡಿಮೆ ಬಾವಲಿಗಳಲ್ಲಿ ಹಿಸ್ಟೋಪ್ಲಾಸ್ಮಾ ಕ್ಯಾಪ್ಸುಲೇಟಮ್ ಕಂಡುಬಂದಿತು. ಸೋಂಕಿತ ಬಾವಲಿಗಳಲ್ಲಿ ಬಹುಪಾಲು ಮನೆಗಳ ಮಾಡಿನಲ್ಲಿ ವಾಸಿಸುವ ಮೊಲೋಸಸ್ ಮೊಲೋಸಸ್ ಎಂಬ ಕೀಟಾಹಾರಿ ಪ್ರಭೇದಕ್ಕೆ ಸೇರಿದ್ದವು. ಈ ಫಲಿತಾಂಶಕ್ಕೆ ಎರಡು ಅರ್ಥಗಳಿವೆ. ಗುಹೆಗಳಿಗೆ ಹೋಗದ ನಗರವಾಸಿಗಳಿಗೂ ಈ ಶಿಲೀಂಧ್ರ ಹತ್ತಿರದಲ್ಲಿ ಇರಬಹುದು ಎಂಬುದು ಒಂದು. ಪರೀಕ್ಷಿಸಿದ ಬಾವಲಿಗಳಲ್ಲಿ ಬಹುಪಾಲು ಈ ಸೋಂಕಿನಿಂದ ಮುಕ್ತವಾಗಿದ್ದವು ಎಂಬುದು ಇನ್ನೊಂದು.

ಭಾರತದಲ್ಲಿ ದೆಹಲಿಯ ಸಂಶೋಧಕರು 1982ರಲ್ಲಿ ಇಲಿಬಾಲದ ಬಾವಲಿಯ (ರೈನೋಪೋಮ ಹಾರ್ಡ್‌ವಿಕಿ) ಶ್ವಾಸಕೋಶದಿಂದ ಬ್ಲಾಸ್ಟೋಮೈಸಿಸ್ ಡರ್ಮಟೈಟಿಡಿಸ್ ಶಿಲೀಂಧ್ರವನ್ನು ಪ್ರತ್ಯೇಕಿಸಿ ವರದಿ ಮಾಡಿದರು. 1985ರಲ್ಲಿ ಅದೇ ಪ್ರಭೇದದ ಬಾವಲಿಯ ಯಕೃತ್ತಿನಿಂದಲೂ ಅದನ್ನು ಪಡೆದರು. ಉತ್ತರ ಅಮೆರಿಕದ ರೋಗವೆಂದೇ ಹೆಚ್ಚಾಗಿ ಭಾವಿಸಲಾಗಿದ್ದ ಬ್ಲಾಸ್ಟೋಮೈಕೋಸಿಸ್‌ನ ಶಿಲೀಂಧ್ರವು ಭಾರತದ ಪರಿಸರದಲ್ಲಿಯೂ ಇದೆ ಎಂಬುದಕ್ಕೆ ಇದು ಮಹತ್ವದ ಆಧಾರವಾಯಿತು.

ಮನುಷ್ಯರಿಗೆ ಸೋಂಕು ತಗಲುವ ಬಗೆ

ಹಿಕ್ಕೆ ತುಂಬಿದ ಅಟ್ಟವನ್ನು ಗುಡಿಸುವುದು, ಹಳೆಯ ಮಾಡು ಬಿಚ್ಚುವುದು, ಪಾಳು ಕಟ್ಟಡ ಕೆಡಹುವುದು, ಸುರಂಗ ಮತ್ತು ಸೇತುವೆಗಳ ದುರಸ್ತಿ, ಗುಹೆಯೊಳಗೆ ಓಡಾಟ, ಹಿಕ್ಕೆಯನ್ನು ಗೊಬ್ಬರವಾಗಿ ಬಳಸುವುದು ಇವು ಸೋಂಕಿಗೆ ದಾರಿಯಾಗುವ ಸಾಮಾನ್ಯ ಸಂದರ್ಭಗಳು. ಕಟ್ಟಡ ಕಾರ್ಮಿಕರು, ಸ್ವಚ್ಛತಾ ಕಾರ್ಮಿಕರು, ಕೃಷಿಕರು, ಬಾವಲಿ ಸಂಶೋಧಕರು ಮತ್ತು ಗುಹಾನ್ವೇಷಕರು ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

2015ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಜಲವಿದ್ಯುತ್ ಅಣೆಕಟ್ಟಿಗೆ ಸೇರಿದ ಸುರಂಗಗಳಿಂದ ಬಾವಲಿಯ ಹಿಕ್ಕೆಯನ್ನು ತೆಗೆಯುತ್ತಿದ್ದ ಕಾರ್ಮಿಕರಲ್ಲಿ ಹಿಸ್ಟೋಪ್ಲಾಸ್ಮೋಸಿಸ್ ಕಾಣಿಸಿಕೊಂಡಿತು. ಅವರು ಉಸಿರಾಟದ ರಕ್ಷಣಾ ಸಾಧನಗಳನ್ನು ಧರಿಸಿರಲಿಲ್ಲ. ಅದುವರೆಗೆ ಆರೋಗ್ಯವಂತರಾಗಿದ್ದ ಆ ಕಾರ್ಮಿಕರಲ್ಲಿ ಬಹುಪಾಲು ಜನ ಆಸ್ಪತ್ರೆ ಸೇರಬೇಕಾಯಿತು, ಮೂವರು ಮೃತಪಟ್ಟರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಗಾಂಜಾ ಗಿಡಗಳಿಗೆ ಗೊಬ್ಬರವಾಗಿಸಲು ಬಾವಲಿಯ ಹಿಕ್ಕೆಯನ್ನು ತಂದಿದ್ದ ಇಬ್ಬರು ಹಿರಿಯರು ಇದೇ ರೋಗದಿಂದ ಸಾವಿಗೀಡಾದ ವರದಿ 2024ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬರು ಹಿಕ್ಕೆಯನ್ನು ಅಂತರಜಾಲದ ಮೂಲಕ ಖರೀದಿಸಿದ್ದರು, ಇನ್ನೊಬ್ಬರ ಮನೆಯ ಅಟ್ಟದಲ್ಲೇ ಅದು ಶೇಖರವಾಗಿತ್ತು. ಎರಡೂ ಪ್ರಸಂಗಗಳಲ್ಲಿ ಜನರು ಬಾವಲಿಗಳ ಬದಲು ಅವುಗಳ ಹಿಕ್ಕೆಯನ್ನು ನಿರ್ವಹಿಸುತ್ತಿದ್ದರು ಎಂಬುದು ಗಮನಾರ್ಹ.

ರೋಗಲಕ್ಷಣಗಳು

ಬೀಜಾಣುಗಳನ್ನು ಉಸಿರಾಡಿದ 3ರಿಂದ 17 ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದರೆ ಸೋಂಕು ತಗಲಿದ ಬಹುಪಾಲು ಜನರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ರೋಗದ ಮುಖ್ಯ ಬಗೆಗಳು ಮೂರು.

ತೀವ್ರ ಶ್ವಾಸಕೋಶದ ಸೋಂಕು: ಜ್ವರ, ಒಣಕೆಮ್ಮು, ತಲೆನೋವು, ಎದೆನೋವು, ಮೈಕೈ ನೋವು ಮತ್ತು ಸುಸ್ತು ಕಾಣಿಸಿಕೊಳ್ಳುತ್ತವೆ. ಶೀತಜ್ವರ ಅಥವಾ ನ್ಯುಮೋನಿಯಾದಂತೆ ತೋರುವ ಇದು ಹೆಚ್ಚಿನವರಲ್ಲಿ ತಾನಾಗಿಯೇ ಗುಣವಾಗುತ್ತದೆ. ಒಮ್ಮೆಗೆ ಅಪಾರ ಪ್ರಮಾಣದ ಬೀಜಾಣುಗಳನ್ನು ಉಸಿರಾಡಿದರೆ ಆರೋಗ್ಯವಂತರಲ್ಲಿಯೂ ತೀವ್ರ ಉಸಿರಾಟದ ತೊಂದರೆ ಉಂಟಾಗಬಹುದು.

ದೀರ್ಘಕಾಲಿಕ ಶ್ವಾಸಕೋಶದ ಸೋಂಕು: ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ಮುಖ್ಯವಾಗಿ ಧೂಮಪಾನಿಗಳಲ್ಲಿ ಕಂಡುಬರುತ್ತದೆ. ತಿಂಗಳುಗಟ್ಟಲೆ ಕೆಮ್ಮು, ರಾತ್ರಿ ಬೆವರು, ತೂಕ ಇಳಿಕೆ ಇದರ ಲಕ್ಷಣಗಳು.

ವ್ಯಾಪಕ ಸೋಂಕು: ಶಿಲೀಂಧ್ರವು ದೇಹದ ಹಲವು ಅಂಗಗಳಿಗೆ ಹರಡುತ್ತದೆ. ಎಚ್‌ಐವಿ ಸೋಂಕಿತರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು, ಶಿಶುಗಳು ಮತ್ತು ವಯೋವೃದ್ಧರು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ಜ್ವರ, ಯಕೃತ್ತು ಮತ್ತು ಗುಲ್ಮದ ಊತ, ರಕ್ತಕಣಗಳ ಕೊರತೆ, ಬಾಯಿಯ ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಇದು ಮಾರಣಾಂತಿಕ.

ಪತ್ತೆ ಮತ್ತು ಚಿಕಿತ್ಸೆ

ಹಿಸ್ಟೋಪ್ಲಾಸ್ಮೋಸಿಸ್ ಪತ್ತೆಗೆ ಇರುವ ದೊಡ್ಡ ತೊಡಕೆಂದರೆ ಅದು ಕ್ಷಯರೋಗವನ್ನು ಹೋಲುವುದು. ಎರಡರಲ್ಲಿಯೂ ಜ್ವರ, ಕೆಮ್ಮು, ತೂಕ ಇಳಿಕೆ ಇರುತ್ತದೆ. ಎಕ್ಸ್-ರೇ ಚಿತ್ರ ಮಾತ್ರವಲ್ಲದೆ ಅಂಗಾಂಶದಲ್ಲಿ ಕಾಣುವ ಗಂಟುಗಳೂ ಒಂದೇ ತೆರನಾಗಿರಬಹುದು. ಕ್ಷಯರೋಗ ವ್ಯಾಪಕವಾಗಿರುವ ದೇಶಗಳಲ್ಲಿ ರೋಗಿಗೆ ಕ್ಷಯದ ಔಷಧ ನೀಡುತ್ತ ಕಾಲ ಕಳೆದುಹೋಗುವ ಅಪಾಯವಿದೆ. ಆ ಔಷಧಗಳು ಶಿಲೀಂಧ್ರದ ಮೇಲೆ ಪರಿಣಾಮ ಬೀರುವುದಿಲ್ಲ. ಆದ್ದರಿಂದ ರೋಗಿಯು ಇತ್ತೀಚೆಗೆ ಬಾವಲಿ ಅಥವಾ ಹಕ್ಕಿಗಳ ಹಿಕ್ಕೆ ಇರುವ ಜಾಗದಲ್ಲಿ ಕೆಲಸ ಮಾಡಿದ್ದರೆ ಅದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದು ಖಚಿತ ವಿಧಾನವಾದರೂ ಅದಕ್ಕೆ ನಾಲ್ಕರಿಂದ ಆರು ವಾರಗಳವರೆಗೆ ಹಿಡಿಯಬಹುದು. ಅಂಗಾಂಶದ ತುಣುಕನ್ನು ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯೀಸ್ಟ್ ಗೋಚರಿಸುತ್ತದೆ. ಮೂತ್ರ ಮತ್ತು ರಕ್ತದಲ್ಲಿ ಶಿಲೀಂಧ್ರದ ಪ್ರತಿಜನಕವನ್ನು ಪತ್ತೆಹಚ್ಚುವ ಪರೀಕ್ಷೆಯು ವ್ಯಾಪಕ ಸೋಂಕಿನಲ್ಲಿ ಬೇಗನೆ ಉತ್ತರ ನೀಡುತ್ತದೆ.

ಸೌಮ್ಯ ಸೋಂಕಿಗೆ ಹಲವು ಬಾರಿ ಚಿಕಿತ್ಸೆಯೇ ಬೇಕಾಗುವುದಿಲ್ಲ. ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಇಟ್ರಾಕೊನಜೋಲ್ ಔಷಧವನ್ನು ನೀಡಲಾಗುತ್ತದೆ. ತೀವ್ರ ಅಥವಾ ವ್ಯಾಪಕ ಸೋಂಕಿಗೆ ಮೊದಲು ಆಂಫೊಟೆರಿಸಿನ್ ಬಿ ಚುಚ್ಚುಮದ್ದನ್ನೂ ನಂತರ ಇಟ್ರಾಕೊನಜೋಲ್ ಅನ್ನೂ ಕೊಡುತ್ತಾರೆ. ವ್ಯಾಪಕ ಸೋಂಕಿನ ಚಿಕಿತ್ಸೆ ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆಯುತ್ತದೆ. ಈ ರೋಗಕ್ಕೆ ಲಸಿಕೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಆದ್ಯತೆಯ ಶಿಲೀಂಧ್ರ ರೋಗಕಾರಕಗಳ ಪಟ್ಟಿಯಲ್ಲಿ ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್ ಅತ್ಯುನ್ನತ ಆದ್ಯತೆಯ ಗುಂಪಿನಲ್ಲಿಯೂ ಹಿಸ್ಟೋಪ್ಲಾಸ್ಮಾ ಅದರ ನಂತರದ ಉನ್ನತ ಆದ್ಯತೆಯ ಗುಂಪಿನಲ್ಲಿಯೂ ಸೇರಿವೆ.

ಭಾರತದಲ್ಲಿ ಹಿಸ್ಟೋಪ್ಲಾಸ್ಮೋಸಿಸ್

ಭಾರತದಲ್ಲಿ ಈ ರೋಗದ ಮೊದಲ ಪ್ರಕರಣವು 1954ರಲ್ಲಿ ಕಲ್ಕತ್ತಾದಿಂದ ವರದಿಯಾಯಿತು. 1975ರಲ್ಲಿ ಗಂಗಾ ಬಯಲಿನ ಮಣ್ಣಿನಿಂದ ಶಿಲೀಂಧ್ರವನ್ನು ಪ್ರತ್ಯೇಕಿಸಿದ ವರದಿ ಬಂದಿತು. ಪಶ್ಚಿಮ ಬಂಗಾಳ ಮತ್ತು ಗಂಗಾ ನದಿಯ ಬಯಲು ಪ್ರದೇಶವನ್ನು ರೋಗದ ಮುಖ್ಯ ನೆಲೆಯೆಂದು ಗುರುತಿಸಲಾಗಿದೆ. ದಕ್ಷಿಣ ಭಾರತವೂ ಸೇರಿದಂತೆ ದೇಶದ ಇತರ ಭಾಗಗಳಿಂದಲೂ ಪ್ರಕರಣಗಳು ವರದಿಯಾಗಿವೆ. ಭಾರತೀಯ ರೋಗಿಗಳಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಗಳು ಊದಿಕೊಳ್ಳುವುದು ಗಮನ ಸೆಳೆದ ಲಕ್ಷಣ. ಇದು ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿಯೂ ಕಂಡುಬಂದಿದ್ದು, ಕ್ಷಯ ಅಥವಾ ಕ್ಯಾನ್ಸರ್ ಎಂದು ತಪ್ಪಾಗಿ ತಿಳಿಯುವ ಸಂಭವವಿದೆ.

ಬಾವಲಿಗಳಿಗೆ ಸಂಬಂಧಿಸಿದಂತೆ ಭಾರತದಲ್ಲಿ ಹೆಚ್ಚು ಚರ್ಚೆಯಾಗುವುದು ನಿಪಾ ರೋಗ. ನಿಪಾ ಒಂದು ವೈರಾಣುವಿನ ಸೋಂಕು. ಅದರ ಸಹಜ ಆಶ್ರಯದಾತ ಟೆರೋಪಸ್ ಕುಲದ ದೊಡ್ಡ ಹಣ್ಣುಬಾವಲಿಗಳು, ಮತ್ತು ಅದು ಮನುಷ್ಯನಿಂದ ಮನುಷ್ಯನಿಗೂ ಹರಡಬಲ್ಲದು. ಶಿಲೀಂಧ್ರ ಸೋಂಕುಗಳ ಹರಡುವಿಕೆ, ಚಿಕಿತ್ಸೆ ಮತ್ತು ತಡೆ ಕ್ರಮಗಳು ಅದಕ್ಕಿಂತ ಪೂರ್ಣವಾಗಿ ಭಿನ್ನ.

ಮುನ್ನೆಚ್ಚರಿಕೆಗಳು

ಹಿಕ್ಕೆ ಶೇಖರವಾಗಿರುವ ಜಾಗವನ್ನು ಶುಚಿಗೊಳಿಸುವಾಗ ಈ ಕ್ರಮಗಳನ್ನು ಅನುಸರಿಸಲು ಸೂಚಿಸಲಾಗುತ್ತದೆ.

• ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು. ಎರಡೂ ಬೀಜಾಣುಗಳನ್ನು ಗಾಳಿಗೆ ಎಬ್ಬಿಸುತ್ತವೆ.
• ಮೊದಲು ನೀರನ್ನು ತುಂತುರಾಗಿ ಸಿಂಪಡಿಸಿ ಹಿಕ್ಕೆಯನ್ನು ಚೆನ್ನಾಗಿ ನೆನೆಸಬೇಕು. ರಭಸದ ನೀರಿನ ಧಾರೆಯನ್ನು ಬಿಡಬಾರದು.
• ಬಟ್ಟೆಯ ಮುಖಗವಸು ಸಾಲದು. ಎನ್-95 ಅಥವಾ ಅದಕ್ಕಿಂತ ಮೇಲ್ಮಟ್ಟದ ಉಸಿರಾಟ ರಕ್ಷಕ, ಕೈಗವಸು, ಕನ್ನಡಕ ಮತ್ತು ಮೈಮುಚ್ಚುವ ಉಡುಪನ್ನು ಧರಿಸಬೇಕು.
• ನೆನೆದ ಹಿಕ್ಕೆಯನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಸಾಗಿಸಬೇಕು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಕಳಚಿ ಪ್ರತ್ಯೇಕವಾಗಿ ಒಗೆಯಬೇಕು.
• ಹಿಕ್ಕೆಯ ಪ್ರಮಾಣ ಹೆಚ್ಚಿದ್ದರೆ ತರಬೇತಿ ಪಡೆದವರಿಂದಲೇ ತೆಗೆಸುವುದು ಕ್ಷೇಮ.
• ರೋಗನಿರೋಧಕ ಶಕ್ತಿ ಕುಂದಿದವರು ಇಂತಹ ಕೆಲಸದಿಂದ ಮತ್ತು ಬಾವಲಿಗಳಿರುವ ಗುಹೆಗಳಿಂದ ದೂರವಿರಬೇಕು.
• ಬಾವಲಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಕಡಿತ ಅಥವಾ ಪರಚುವಿಕೆಯಿಂದ ರೇಬಿಸ್‌ನಂತಹ ಬೇರೆ ಸೋಂಕುಗಳು ತಗಲಬಹುದು.

ಬಾವಲಿಗಳ ಸಂರಕ್ಷಣೆ

ರೋಗದ ಭಯದಿಂದ ಬಾವಲಿಗಳನ್ನು ಕೊಲ್ಲುವುದು, ಹೊಗೆ ಹಾಕುವುದು, ಅವು ತಂಗುವ ಮರಗಳನ್ನು ಕಡಿಯುವುದು ಹಲವು ಕಡೆ ನಡೆದುಬಂದಿದೆ. ಇದರಿಂದ ಶಿಲೀಂಧ್ರದ ಅಪಾಯ ತಗ್ಗುವುದಿಲ್ಲ. ಸತ್ತ ಬಾವಲಿಗಳ ಜೊತೆ ಹಳೆಯ ಹಿಕ್ಕೆಯೂ ಅಲ್ಲಿಯೇ ಉಳಿಯುತ್ತದೆ, ಬೆದರಿದ ಬಾವಲಿಗಳು ಹತ್ತಿರದ ಇನ್ನೊಂದು ಕಟ್ಟಡವನ್ನು ಸೇರುತ್ತವೆ.

ವಾಸದ ಮನೆಯಿಂದ ಬಾವಲಿಗಳನ್ನು ಹೊರಗಿಡಬೇಕಾದಾಗ ಹೊರಹೋಗಲು ಮಾತ್ರ ಅವಕಾಶವಿರುವ, ಮರಳಿ ಒಳಬರಲಾಗದ ಬಲೆ ಅಥವಾ ಕೊಳವೆಯನ್ನು ಸಂದಿಗೆ ಅಳವಡಿಸುವ ವಿಧಾನ ಬಳಕೆಯಲ್ಲಿದೆ. ಎಲ್ಲ ಬಾವಲಿಗಳೂ ಹೊರಬಿದ್ದ ಮೇಲೆ ಸಂದನ್ನು ಮುಚ್ಚಲಾಗುತ್ತದೆ. ಮರಿಗಳಿರುವ ಕಾಲದಲ್ಲಿ ಇದನ್ನು ಮಾಡಬಾರದು. ತಾಯಿ ಹೊರಗುಳಿದರೆ ಹಾರಲಾರದ ಮರಿಗಳು ಒಳಗೆ ಹಸಿವಿನಿಂದ ಸಾಯುತ್ತವೆ.

ಕೀಟಾಹಾರಿ ಬಾವಲಿಗಳು ಸೊಳ್ಳೆಯೂ ಸೇರಿದಂತೆ ಹಲವು ಬಗೆಯ ಕೀಟಗಳನ್ನೂ ಬೆಳೆನಾಶಕ ಪತಂಗಗಳನ್ನೂ ತಿನ್ನುತ್ತವೆ. ಫಲಾಹಾರಿ ಬಾವಲಿಗಳು ಪರಾಗಸ್ಪರ್ಶ ಮತ್ತು ಬೀಜ ಪ್ರಸಾರ ನಡೆಸುತ್ತವೆ. ಹೆಚ್ಚಿನ ಪ್ರಭೇದಗಳಲ್ಲಿ ಹೆಣ್ಣು ಬಾವಲಿಯು ವರ್ಷಕ್ಕೆ ಒಂದು ಅಥವಾ ಎರಡು ಮರಿಗಳನ್ನಷ್ಟೇ ಹಾಕುವುದರಿಂದ ಕುಗ್ಗಿದ ಸಂಖ್ಯೆ ಮತ್ತೆ ಹೆಚ್ಚಲು ಬಹಳ ಕಾಲ ಬೇಕು. ಕರ್ನಾಟಕದ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ ಉಳಿದಿರುವ ಕೋಲಾರದ ಎಲೆಮೂಗಿನ ಬಾವಲಿ (ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್) ಅಳಿವಿನ ಅಂಚಿನಲ್ಲಿರುವ ಪ್ರಭೇದವಾಗಿದೆ. ಭಾರತದ ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ರ ಅಡಿಯಲ್ಲಿ ಹಣ್ಣುಬಾವಲಿಗಳನ್ನು ಬಹುಕಾಲ ಇಲಿ ಮತ್ತು ಕಾಗೆಗಳ ಜೊತೆ ಪೀಡಕ ಪ್ರಾಣಿಗಳ ಅನುಸೂಚಿಯಲ್ಲಿ ಸೇರಿಸಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ಕೈಬಿಡಲಾಯಿತು.

ಆಸ್ಟಿನ್ ನಗರದಲ್ಲಿಯೂ ಸೇತುವೆಗೆ ಬಾವಲಿಗಳು ಬಂದ ಮೊದಲ ವರ್ಷಗಳಲ್ಲಿ ಅವುಗಳನ್ನು ಓಡಿಸಬೇಕೆಂಬ ಒತ್ತಾಯ ಕೇಳಿಬಂದಿತ್ತು. ಬಾವಲಿ ತಜ್ಞ ಮರ್ಲಿನ್ ಟಟ್ಲ್ ಅವರು 1986ರಲ್ಲಿ ತಮ್ಮ ಸಂಸ್ಥೆಯಾದ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಅನ್ನು ಆ ನಗರಕ್ಕೆ ಸ್ಥಳಾಂತರಿಸಿ ಜನರಲ್ಲಿ ತಿಳಿವಳಿಕೆ ಮೂಡಿಸಿದರು. ಬಾವಲಿಗಳನ್ನು ಮುಟ್ಟದೆ ದೂರದಿಂದ ನೋಡಿದರೆ ಅಪಾಯವಿಲ್ಲ ಎಂಬುದು ಅವರ ಪ್ರಚಾರದ ತಿರುಳಾಗಿತ್ತು. ಇಂದು ಬೇಸಿಗೆಯ ಸಂಜೆಗಳಲ್ಲಿ ಸೇತುವೆಯಡಿಯಿಂದ ಬಾವಲಿಗಳು ಹೊರಹೊಮ್ಮುವುದನ್ನು ನೋಡಲು ಪ್ರವಾಸಿಗರು ಅಲ್ಲಿ ಸೇರುತ್ತಾರೆ.